ಸ್ಕ್ಯಾನ್ ಮಾಡುವಾಗ ಬರೋ ಡ್ರೈವ್ ಎರರ್‌ಗೆಲ್ಲಾ ವೈರಸ್ ಅನ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನ ಟೆಕ್ನಾಲಜಿ ಪುಟದಲ್ಲಿ ಕಂಪ್ಯೂಟರ್‌ಗೆ ಸ್ಪೈವೇರ್, ಅಂದ್ರೆ ನಮಗೆ ಗೊತ್ತಿಲ್ದೆ ಒಳಗೆ ಕೂತು ಮಾಹಿತಿ ಕದಿಯೋ ಕಳ್ಳ ಸಾಫ್ಟ್‌ವೇರ್, ಹೇಗೆ ಸೇರ್ಕೊಳ್ಳುತ್ತೆ, ಅದನ್ನ ತೆಗೆಯೋದು ಹೇಗೆ ಅಂತ ಅರ್ಧ ಪುಟ ಬಂದಿತ್ತು, ಓದ್ದೆ, ಚೆನ್ನಾಗೇ ಇತ್ತು. ಆದ್ರೆ ಕೊನೇಲಿ ಒಂದು ಸಾಲು ಬರೆದು ಕೈ ತೊಳ್ಕೊಂಡಿದೀರಿ ನೋಡಿ, ಸ್ಪೈವೇರ್ ಹುಡುಕೋಕೆ ಸ್ಕ್ಯಾನ್ ಮಾಡುವಾಗ ಡ್ರೈವ್ ಎರರ್ ಬಂದರೆ ಹತ್ತಿರದ ಸರ್ವೀಸ್ ಸೆಂಟರ್‌ಗೆ ತೋರಿಸಿ ಅಂತ, ಅದಕ್ಕೇ ಈ ಪತ್ರ. ನಾನು ತಿಪಟೂರಲ್ಲಿ ಹದಿನೆಂಟು ವರ್ಷದಿಂದ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು, ಸುತ್ತಮುತ್ತ ಕೊಬ್ಬರಿ ಮಂಡಿ, ಸೊಸೈಟಿ, ಸ್ಕೂಲು ಎಲ್ಲಿ ಕಂಪ್ಯೂಟರ್ ಕೆಟ್ರೂ ಕರೆಯೋದು ನನ್ನನ್ನೇ, ಅಂದ್ರೆ ನೀವು ಬರೆದ ಆ ಹತ್ತಿರದ ಸರ್ವೀಸ್ ಸೆಂಟರ್ ಅಂದ್ರೆ ನಾವೇ ಸ್ವಾಮಿ. ನಮ್ಮಂಥೋರ ಹತ್ರ ತಂದ್ರೆ ಎಷ್ಟೋ ಕಡೆ ಏನಾಗುತ್ತೆ ಅಂದ್ರೆ, ಎರರ್ ಏನು ಅಂತ ಪೂರ್ತಿ ಓದೋಕೂ ಮುಂಚೆ "ವೈರಸ್ ಬಂದಿದೆ, ಫಾರ್ಮ್ಯಾಟ್ ಹೊಡೀಬೇಕು, ನಾಳೆ ಬನ್ನಿ" ಅಂತ ಚೀಟಿ ಹರಿದು ಕೊಡ್ತಾರೆ. ನಾನೂ ಕೊಟ್ಟಿದೀನಿ, ಸುಳ್ಳು ಹೇಳಲ್ಲ.

ಮೊದ್ಲು ತೀರಾ ನಿರುಪದ್ರವಿ ಎರರ್ ಒಂದನ್ನ ಹೇಳ್ಬಿಡ್ತೀನಿ, ಯಾಕಂದ್ರೆ ಜನ ಜಾಸ್ತಿ ಹೆದರೋದು ಇದಕ್ಕೇ. ವಿಂಡೋಸ್ ಎಕ್ಸ್‌ಪಿ, ಸೆವೆನ್ ಕಾಲದ ಅಸೆಂಬಲ್ಡ್ ಸಿಸ್ಟಮ್‌ಗಳಲ್ಲಿ ಇದು ವಿಪರೀತ. ಆಂಟಿ ಸ್ಪೈವೇರ್ ಓಪನ್ ಮಾಡಿ ಸ್ಕ್ಯಾನ್ ಒತ್ತಿದ ತಕ್ಷಣ ಒಂದು ಡಬ್ಬಿ ಮೇಲೆ ಬರುತ್ತೆ, ತಲೆಬರಹ "ವಿಂಡೋಸ್ ನೋ ಡಿಸ್ಕ್", ಒಳಗೆ ದೇರ್ ಈಸ್ ನೋ ಡಿಸ್ಕ್ ಇನ್ ದ ಡ್ರೈವ್, ಆಮೇಲೆ ಡಿವೈಸ್ ಹಾರ್ಡ್‌ಡಿಸ್ಕ್1 ಡಿಆರ್1 ಅಂತ ಏನೇನೋ, ಎಷ್ಟೋ ಸಲ ಸಿ0000013 ಅಂತ ಒಂದು ನಂಬರೂ ಇರುತ್ತೆ, ಕೆಳಗೆ ಕ್ಯಾನ್ಸಲ್, ಟ್ರೈ ಅಗೇನ್, ಕಂಟಿನ್ಯೂ ಅಂತ ಮೂರು ಬಟನ್ನು. ಒಂದು ಸಲ ಮಂಡಿ ಗುಮಾಸ್ತ ಫೋನ್ ಮಾಡಿ "ಅಣ್ಣಾ, ಕಂಪ್ಯೂಟರ್ ಒಳಗೆ ಹಾರ್ಡ್‌ಡಿಸ್ಕೇ ಇಲ್ಲ ಅಂತಿದೆ ಕಣಣ್ಣಾ, ರಾತ್ರಿ ಯಾರಾದ್ರೂ ಬಿಚ್ಕೊಂಡು ಹೋದ್ರಾ" ಅಂದ. ಹಾರ್ಡ್‌ಡಿಸ್ಕ್ ಇಲ್ದೆ ನಿನಗೆ ಆ ಮೆಸೇಜ್ ತೋರಿಸ್ತಿರೋದು ಯಾರಪ್ಪಾ ಅಂದೆ, ಅವನಿಗೆ ನಗು ಬರ್ಲಿಲ್ಲ, ಪಾಪ ಅವತ್ತು ಹರಾಜಿನ ದಿನ.

ಹೋಗಿ ನೋಡಿದ್ರೆ ಸಿಪಿಯು ಮುಂದುಗಡೆ ನಾಲ್ಕು ತೂತಿನ ಕಾರ್ಡ್ ರೀಡರ್ ಇತ್ತು, ಕ್ಯಾಮೆರಾ ಕಾರ್ಡ್, ಮೊಬೈಲ್ ಕಾರ್ಡ್ ಹಾಕೋಕೆ ಇರುತ್ತಲ್ಲ ಅದು. ಆ ನಾಲ್ಕು ತೂತಿಗೂ ವಿಂಡೋಸ್ ಇ, ಎಫ್, ಜಿ, ಎಚ್ ಅಂತ ಒಂದೊಂದು ಡ್ರೈವ್ ಅಕ್ಷರ ಕೊಟ್ಟಿರುತ್ತೆ, ಕಾರ್ಡ್ ಇರಲಿ ಬಿಡಲಿ. ಸ್ಕ್ಯಾನರ್ ಪಾಪ ತನ್ನ ಕೆಲ್ಸ ಮಾಡುತ್ತೆ, ಅಂಚೆಯವನ ಥರ ಒಂದೊಂದೇ ಬಾಗಿಲು ತಟ್ಟುತ್ತೆ, ಖಾಲಿ ಮನೆ ಬಾಗಿಲು ತಟ್ಟಿದಾಗ ಇಲ್ಲಿ ಯಾರೂ ಇಲ್ಲ ಅಂತ ವಿಂಡೋಸ್ ಕೂಗುತ್ತೆ, ಅಷ್ಟೇ ವಿಷ್ಯ. ಆ ಸಿ0000013ಕ್ಕೆ ಅರ್ಥವೇ ಡ್ರೈವ್ ಒಳಗೆ ಕಾರ್ಡು, ಸಿಡಿ ಏನೂ ಇಲ್ಲ ಅಂತ. ಸಿಡಿ ಇಲ್ಲದ ಡಿವಿಡಿ ಡ್ರೈವ್‌ಗೂ ಬರುತ್ತೆ, ಸ್ಕ್ಯಾನ್ ಲಿಸ್ಟ್‌ನಲ್ಲಿ ಹಿಂದೆ ಯಾವಾಗ್ಲೋ ಪೆನ್‌ಡ್ರೈವ್ ಟಿಕ್ ಮಾಡಿ ಆಮೇಲೆ ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡಿದ್ರೂ ಬರಬಹುದು. ಅದಕ್ಕಿಂತ ಹಳೇ ಮಿಷನ್‌ಗಳಲ್ಲಂತೂ ಸ್ಕ್ಯಾನ್ ಶುರುವಾದ್ರೆ ಸಾಕು ಫ್ಲಾಪಿ ಡ್ರೈವ್ ಗರ್ ಗರ್ ಅಂತ ಮೈ ಮುರಿಯೋದು, ಫ್ಲಾಪಿ ಮುಟ್ಟಿ ವರ್ಷಗಳಾಗಿದ್ರೂ.

ಪರಿಹಾರ ಹೇಳ್ತೀನಿ. ಕಂಟಿನ್ಯೂ ಒತ್ತಿ ಒತ್ತಿ ಮುಂದೆ ಹೋಗಬಹುದು, ನಾಲ್ಕು ತೂತಿದ್ರೆ ನಾಲ್ಕು ಸಲವೋ ಎಂಟು ಸಲವೋ ಒತ್ತಬೇಕು, ಬೇಜಾರು ಅಷ್ಟೆ. ಸರಿ ಮಾಡ್ಬೇಕು ಅಂದ್ರೆ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್ ಒಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆ ಖಾಲಿ ತೂತುಗಳ ಡ್ರೈವ್ ಅಕ್ಷರ ತೆಗೆದುಬಿಡಿ, ಇಲ್ಲಾ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ರೀಡರನ್ನೇ ಡಿಸೇಬಲ್ ಮಾಡಿ, ಬೇಕಾದಾಗ ಮತ್ತೆ ಎನೇಬಲ್ ಮಾಡ್ಕೊಂಡ್ರಾಯ್ತು. ಕೆಲವರು ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲಾ ಬರೆದಿಟ್ಕೊಳ್ಳೋ ರಿಜಿಸ್ಟ್ರಿಗೆ ಹೋಗಿ ಎರರ್ ಮೋಡ್ ಅನ್ನೋದನ್ನ 2 ಮಾಡಿ ಅಂತ ಸಲಹೆ ಕೊಡ್ತಾರೆ, ಅದು ಕೆಲಸವೂ ಮಾಡುತ್ತೆ, ಆದ್ರೆ ನನಗೆ ಇಷ್ಟ ಇಲ್ಲ, ಅದು ವಿಂಡೋಸ್ ಬಾಯಿಗೆ ಬಟ್ಟೆ ತುರುಕೋದು ಅಷ್ಟೆ, ನಾಳೆ ನಿಜವಾದ ತೊಂದ್ರೆ ಬಂದಾಗಲೂ ಅದು ಸುಮ್ನೆ ಕೂತಿರುತ್ತೆ. ಮಂಡಿಯವನಿಗೆ ನಾನು ಸಿಪಿಯು ಬಿಚ್ಚಿ ಕಾರ್ಡ್ ರೀಡರ್ ವೈರ್ ಎಳೆದು ಬಿಟ್ಟೆ, ಎರಡು ನಿಮಿಷದ ಕೆಲ್ಸ. ಅದೇ ಸಿಸ್ಟಮನ್ನ ಆರು ತಿಂಗಳ ಹಿಂದೆ ಬೇರೆ ಕಡೆ ಇದೇ ಎರರ್‌ಗೆ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಟ್ಟಿದ್ರಂತೆ, ಫಾರ್ಮ್ಯಾಟ್ ಆದ ಮೇಲೂ ಡಬ್ಬಿ ಬರ್ತಾನೇ ಇತ್ತು, ಬರದೇ ಏನು, ತೂತು ಅಲ್ಲೇ ಇತ್ತಲ್ಲ.

ಈಗ ನಿಜವಾದ ಎರರ್‌ಗೆ ಬರ್ತೀನಿ, ಇದೇ ನನ್ನ ಮುಖ್ಯ ಮಾತು. ಸ್ಕ್ಯಾನ್ ಓಡ್ತಾ ಓಡ್ತಾ ಪ್ರತೀ ಸಲ ಅದೇ ಜಾಗದಲ್ಲಿ, ಅದೇ ಫೈಲ್ ಹತ್ರ ನಿಂತ್ಕೊಳ್ಳುತ್ತೆ, ಮೌಸ್ ಅಲ್ಲಾಡುತ್ತೆ ಆದ್ರೆ ಏನೂ ಓಪನ್ ಆಗಲ್ಲ, ಸಿಪಿಯು ಒಳಗಿಂದ ಹಲ್ಲಿ ಲೊಚಗುಟ್ಟಿದ ಥರ ಟಿಕ್ ಟಿಕ್ ಶಬ್ದ. ಆಗ ಬರೋ ಮೆಸೇಜೇ ಬೇರೆ, ಡೇಟಾ ಎರರ್ ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಅಂತ ಬರುತ್ತೆ, ಅಂದ್ರೆ ಓದಿದ ಡೇಟಾ ತಾಳೆ ಆಗ್ತಿಲ್ಲ ಅಂತ, ಇಲ್ಲಾ ಐಓ ಡಿವೈಸ್ ಎರರ್ ಅಂತ ಬರುತ್ತೆ, ಅಂದ್ರೆ ಡಿಸ್ಕ್‌ನಿಂದ ಓದೋದು ಬರೆಯೋದೇ ಆಗ್ತಿಲ್ಲ ಅಂತ. ಕೆಲವು ಸ್ಕ್ಯಾನರ್ ಅಕ್ಷರ ತೋರಿಸಲ್ಲ, ಬರೀ ನಂಬರ್ ಬರ್ಕೊಂಡಿರುತ್ತೆ, 21 ಅಂದ್ರೆ ಡ್ರೈವ್ ರೆಡಿ ಇಲ್ಲ, 23 ಅಂದ್ರೆ ಆ ಸೈಕ್ಲಿಕ್ ರಿಡಂಡೆನ್ಸಿ, 1117 ಅಂದ್ರೆ ಐಓ ಎರರ್. 21 ಬಂದ್ರೆ ಸಾಮಾನ್ಯವಾಗಿ ಮೇಲೆ ಹೇಳಿದ ಖಾಲಿ ತೂತಿನ ಕಥೆ, 23, 1117 ಬಂದ್ರೆ ಹುಷಾರಾಗಿ.

ಜನ ಕೇಳ್ತಾರೆ, ದಿನಾ ಕೆಲಸ ಮಾಡುವಾಗ ಏನೂ ಆಗಲ್ವಲ್ಲ, ಸ್ಕ್ಯಾನ್ ಮಾಡಿದಾಗ್ಲೇ ಯಾಕೆ ಎರರ್ ಬರುತ್ತೆ, ಹಾಗಾದ್ರೆ ಆ ಸಾಫ್ಟ್‌ವೇರೇ ಡಿಸ್ಕ್ ಕೆಡಿಸ್ತಾ ಅಂತ. ನಮ್ಮೂರಲ್ಲಿ ಇದನ್ನ ಅರ್ಥ ಮಾಡಿಸೋದು ಸುಲಭ. ಕೊಬ್ಬರಿ ಮೂಟೆ ಬಾಯಿ ಬಿಚ್ಚಿ ಮೇಲಿನ ನಾಲ್ಕು ಕೊಬ್ಬರಿ ನೋಡಿದ್ರೆ ಚೆನ್ನಾಗೇ ಕಾಣುತ್ತೆ, ಮೂಟೆ ಪೂರ್ತಿ ನೆಲಕ್ಕೆ ಸುರಿದಾಗ ತಳದಲ್ಲಿರೋ ಬೂಸ್ಟು ಹಿಡಿದಿದ್ದು ಹೊರಗೆ ಬರುತ್ತೆ, ಸುರಿದವನು ಅದನ್ನ ಕೆಡಿಸಿದ್ದಲ್ಲ. ನಾವು ದಿನಾ ತೆಗೆಯೋದು ಅದೇ ಹತ್ತಿಪ್ಪತ್ತು ಫೈಲು, ಸ್ಕ್ಯಾನರ್ ಆದ್ರೆ 2011ರಲ್ಲಿ ಕಾಪಿ ಮಾಡಿ ಮರೆತ ಮದುವೆ ಫೋಟೋನೂ ಓದುತ್ತೆ. ಅಲ್ಲಿ ಡಿಸ್ಕ್‌ನ ಒಂದು ಸೆಕ್ಟರ್, ಅಂದ್ರೆ ಡೇಟಾ ಬರೆದಿಡೋ ಒಂದು ಪುಟ್ಟ ಜಾಗ, ಸೊರಗಿ ಹೋಗಿದ್ರೆ ಡ್ರೈವ್ ಮತ್ತೆ ಮತ್ತೆ ಓದೋಕೆ ಪ್ರಯತ್ನ ಪಡುತ್ತೆ, ಅದೇ ಆ ಟಿಕ್ ಟಿಕ್, ಅದಕ್ಕೇ ಸಿಸ್ಟಮ್ ಹ್ಯಾಂಗ್ ಆಗೋದು. ಕೊನೆಗೆ ಆಗದೇ ಇದ್ರೆ ವಿಂಡೋಸ್ ಇವೆಂಟ್ ವ್ಯೂವರ್ ಒಳಗೆ ಸಿಸ್ಟಮ್ ಲಾಗ್‌ನಲ್ಲಿ ಡಿಸ್ಕ್ ಅನ್ನೋ ಹೆಸರಲ್ಲಿ ಕೆಂಪು ಗುರುತು ಹಾಕಿ ನಂಬರ್ 7 ಅಂತ ಬರೆದಿಡುತ್ತೆ, ಬ್ಯಾಡ್ ಬ್ಲಾಕ್ ಇದೆ ಅಂತ. ಯಾರಾದ್ರೂ ಫಾರ್ಮ್ಯಾಟ್ ಹೊಡೀಬೇಕು ಅಂದ್ರೆ ಮೊದ್ಲು ಆ ಲಾಗ್ ತೋರಿಸಪ್ಪಾ ಅಂತ ಕೇಳಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳ್ಬೇಕು. ನನಗೆ ಏಳನೇ ಕ್ಲಾಸಲ್ಲಿ ಕನ್ನಡ ಹೇಳ್ಕೊಟ್ಟ ಮೇಷ್ಟ್ರು ರಿಟೈರ್ ಆದ್ಮೇಲೆ ತಮ್ಮೂರ ಚರಿತ್ರೆ ಬರೀತಿದ್ರು, ದೇವಸ್ಥಾನದ ಶಾಸನ, ಕೆರೆ ಕಟ್ಟಿಸಿದ್ದು, ಯಾವ ಮನೆತನ ಎಲ್ಲಿಂದ ಬಂತು ಅಂತೆಲ್ಲಾ, ಹದಿನಾಲ್ಕು ಅಧ್ಯಾಯ, ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡಿದ್ದು. ಅವರ ಸಿಸ್ಟಮ್ ಸ್ಕ್ಯಾನ್ ಮಾಡುವಾಗ ನಿಲ್ತಿತ್ತು, ಅಂಗಡಿಗೆ ತಂದ್ರು. ನಾನು ನೋಡಿದೆ, ಬ್ಯಾಡ್ ಸೆಕ್ಟರ್ ಅಂತ ಗೊತ್ತಾಯ್ತು, ಅಲ್ಲೀವರೆಗೂ ಸರಿ. ಆಮೇಲೆ ಏನು ಮಾಡ್ದೆ ಅಂದ್ರೆ ರಾತ್ರಿ ಬಾಗಿಲು ಹಾಕೋ ಮುಂಚೆ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಅನ್ನೋ ವಿಂಡೋಸ್‌ನ ಡಿಸ್ಕ್ ರಿಪೇರಿ ಕಮಾಂಡ್ ಹಾಕಿ ಬೆಳಿಗ್ಗೆಗೆ ಸರಿಯಾಗಿರುತ್ತೆ ಅಂತ ಮನೆಗೆ ಹೋದೆ. ಕಾಪಿ ತಗೊಳ್ಳಲಿಲ್ಲ. ಒಂದು ಪೆನ್‌ಡ್ರೈವ್ ಹಾಕಿ ಆ ಫೋಲ್ಡರ್ ಎಳೆದಿದ್ರೆ ಐದು ನಿಮಿಷ ಆಗ್ತಿತ್ತೇನೋ, ಊಟಕ್ಕೆ ಹೊತ್ತಾಗಿತ್ತು.

ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಅನ್ನೋದು ಡಿಸ್ಕ್‌ನ ಮೂಲೆ ಮೂಲೆ ಓದಿಸುತ್ತೆ, ಸಾಯ್ತಿರೋ ಡಿಸ್ಕ್‌ಗೆ ಅದು ಜ್ವರ ಬಂದೋನ ಹತ್ರ ಬೆಟ್ಟ ಹತ್ತಿಸಿದ ಹಾಗೆ. ಅದರ ಕೆಲಸ ಡ್ರೈವ್‌ನ ಲೆಕ್ಕಪತ್ರ ಸರಿ ಮಾಡೋದು, ನಿಮ್ಮ ಫೈಲ್ ಉಳಿಸೋದು ಅದರ ಮೊದಲ ಕಾಳಜಿ ಅಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಮೇಷ್ಟ್ರ ಫೋಲ್ಡರ್ ಖಾಲಿ, ಪಕ್ಕದಲ್ಲಿ ಫೌಂಡ್ 000 ಅಂತ ಹೊಸ ಫೋಲ್ಡರ್, ಅದರೊಳಗೆ ಫೈಲ್0000, ಫೈಲ್0001 ಅಂತ ನೂರಾರು ತುಂಡು, ಹೆಸರಿಲ್ಲ ಕುಲವಿಲ್ಲ. ಎಲ್ಲಾ ಒಂದೊಂದಾಗಿ ಡಾಕ್ ಅಂತ ಹೆಸರು ಬದಲಾಯಿಸಿ ವರ್ಡ್‌ನಲ್ಲಿ ತೆರೆಯೋದು, ಹೆಚ್ಚಿನವು ಬರೀ ಕಸ. ಒಂದರಲ್ಲಿ ಇಂಗ್ಲಿಷ್ ಅಕ್ಷರ, ಬೀಡಿ ಕಟ್ಟಿನ ಥರ ಕೊಂಬು ಕೊಕ್ಕೆ ಎಲ್ಲಾ ಸೇರಿದ ಕಲಸುಮೇಲೋಗರ ಬಂತು, ಎದೆ ಹೊಡ್ಕೊಳ್ತು, ಸೆಲೆಕ್ಟ್ ಆಲ್ ಮಾಡಿ ನುಡಿ ಫಾಂಟ್ ಕೊಟ್ಟೆ, ತಟ್ಟನೆ "ಕೆರೆಯ ಕೋಡಿಯ ಬಳಿ ಇರುವ ವೀರಗಲ್ಲು" ಅಂತ ಕನ್ನಡ ಎದ್ದು ನಿಂತ್ಕೊಳ್ತು. ಹಾಗೆ ಮಧ್ಯಾಹ್ನದವರೆಗೆ ಕೂತು ಐದು ಅಧ್ಯಾಯ ಪೆನ್‌ಡ್ರೈವ್‌ಗೆ ಹಾಕ್ಕೊಂಡೆ. ಊಟ ಮಾಡಿ ಬಂದು ಆನ್ ಮಾಡಿದ್ರೆ ವಿಂಡೋಸ್‌ಗೂ ಮುಂಚೆ ಬರೋ ಬಯಾಸ್ ಪರದೆಯಲ್ಲೇ ಹಾರ್ಡ್‌ಡಿಸ್ಕ್ ಹೆಸರು ಬರ್ಲಿಲ್ಲ, ಅವತ್ತಿಗೆ ಅದರ ಕಥೆ ಮುಗೀತು. ಮೇಷ್ಟ್ರು ಬೈಲಿಲ್ಲ, "ಹೋಗ್ಲಿ ಬಿಡಯ್ಯಾ, ತಲೇಲಿ ಇದ್ಯಲ್ಲ" ಅಂದ್ರು. ಬೈದಿದ್ರೆ ಚೆನ್ನಾಗಿತ್ತು.

ಅದಕ್ಕೇ ಈಗ ನನ್ನ ಕ್ರಮ ಬೇರೆ. 23 ಅಥವಾ 1117 ಕಂಡ್ರೆ ಮೊದ್ಲು ಸ್ಕ್ಯಾನ್ ನಿಲ್ಸೋದು, ಸ್ಪೈವೇರ್ ಇದ್ರೂ ಇರಲಿ ಸ್ವಲ್ಪ ಹೊತ್ತು, ಅದೇನು ಓಡಿ ಹೋಗಲ್ಲ. ಬೇಕಾದ ಫೈಲ್ ಮೊದ್ಲು ಬೇರೆ ಡಿಸ್ಕ್‌ಗೆ ಎಳ್ಕೊಳ್ಳೋದು, ಫೋಟೋ, ಲೆಕ್ಕ, ಬರವಣಿಗೆ, ಸಿನಿಮಾ ಆಮೇಲೆ. ಕಾಪಿ ಆಗ್ತಾ ಆಗ್ತಾ ಒಂದು ಫೈಲ್ ಹತ್ರ ನಿಂತ್ರೆ ಅದನ್ನ ಬಿಟ್ಟು ಮುಂದಕ್ಕೆ ಹೋಗಿ, ಹಟ ಹಿಡಿದು ಕೂರಬೇಡಿ. ತೀರಾ ಹದಗೆಟ್ಟಿದ್ರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಸಿಸ್ಟಮ್ ಬೂಟ್ ಮಾಡಿ ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಮ್ ಇದೆ, ಪುಕ್ಕಟೆ, ಅದು ಜಾಣ, ಚೆನ್ನಾಗಿರೋ ಭಾಗ ಎಲ್ಲಾ ಮೊದ್ಲು ಬಾಚ್ಕೊಂಡು ಕೆಟ್ಟ ಜಾಗಕ್ಕೆ ಕೊನೇಲಿ ವಾಪಸ್ ಬರುತ್ತೆ. ಕಾಪಿ ಕೈಗೆ ಬಂದ್ಮೇಲೆ ಚೆಕ್‌ಡಿಸ್ಕ್ ಆದ್ರೂ ಹಾಕಿ, ಪೂಜೆ ಆದ್ರೂ ಮಾಡಿ.

ಇನ್ನೊಂದು, ಡಿಸ್ಕ್ ತಾನೇ ತನ್ನ ಆರೋಗ್ಯದ ಲೆಕ್ಕ ಇಟ್ಕೊಂಡಿರುತ್ತೆ, ಸ್ಮಾರ್ಟ್ ಅಂತಾರೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ತೆರೆದ್ರೆ ನೀಲಿ ಗುಡ್, ಹಳದಿ ಕಾಶನ್, ಕೆಂಪು ಬ್ಯಾಡ್ ಅಂತ ತೋರಿಸುತ್ತೆ. ಅಲ್ಲಿ ಉದ್ದ ಪಟ್ಟಿ ಇರುತ್ತೆ, ಹಳೇ ಥರದ ಹಾರ್ಡ್‌ಡಿಸ್ಕ್ ಆದ್ರೆ ಎಲ್ಲಾ ಬೇಡ, ನಾಲ್ಕೇ ಸಾಲು ಸಾಕು. 05 ಅಂದ್ರೆ ಕೆಟ್ಟು ಹೋಗಿ ಬದಲಿ ಕೊಟ್ಟಿರೋ ಸೆಕ್ಟರ್, ಸಿ5 ಅಂದ್ರೆ ಓದೋಕೆ ಆಗ್ದೆ ಕಾಯ್ತಾ ಇರೋದು, ಸಿ6 ಅಂದ್ರೆ ಸರಿ ಮಾಡೋಕೇ ಆಗದೇ ಇದ್ದದ್ದು. ನಾಲ್ಕನೇದು ಸಿ7, ಇದು ಮಜಾ ಇದೆ, ಇದು ಏರ್ತಿದ್ರೆ ಹೆಚ್ಚಾಗಿ ಡಿಸ್ಕ್ ಚೆನ್ನಾಗೇ ಇರುತ್ತೆ, ಕೇಬಲ್ ಲಡ್ಡಾಗಿರುತ್ತೆ. ಹೋದ ಮಳೆಗಾಲದಲ್ಲಿ ಒಂದು ಸೊಸೈಟಿ ಸಿಸ್ಟಮ್ ಹಾಗೇ ಆಗಿತ್ತು, ಸ್ಕ್ಯಾನ್ ಹಾಕಿದಾಗೆಲ್ಲಾ ಎರರ್, ಸೆಕ್ರೆಟರಿ ಹೊಸ ಕಂಪ್ಯೂಟರ್‌ಗೆ ಕೊಟೇಶನ್ನೇ ತರಿಸಿಬಿಟ್ಟಿದ್ರು, ಬಿಚ್ಚಿ ನೋಡಿದ್ರೆ ಇಲಿ ಹಾರ್ಡ್‌ಡಿಸ್ಕ್‌ಗೆ ಹೋಗೋ ಸಾಟಾ ಕೇಬಲ್‌ನ ಅರ್ಧ ತಿಂದಿತ್ತು, ಪಕ್ಕದಲ್ಲೇ ಅದರ ಬಾಣಂತನವೂ ಆಗಿತ್ತು. ನೂರು ರೂಪಾಯಿ ಕೇಬಲ್ ಹಾಕ್ದೆ, ಸರಿಹೋಯ್ತು. ಕೇಬಲ್ ಬದಲಾಯಿಸಿದ್ರೂ ಸಿ7 ಲೆಕ್ಕ ಸೊನ್ನೆಗೆ ಬರಲ್ಲ, ಇನ್ನು ಮುಂದೆ ಏರ್ತಿಲ್ವಾ ಅಂತ ನೋಡ್ಕೊಳ್ಳಿ ಸಾಕು. ಮತ್ತೆ ಆ ಸಾಫ್ಟ್‌ವೇರ್ ಮಾಮೂಲಿಯಾಗಿ ನಂಬರ್‌ಗಳನ್ನ ಹೆಕ್ಸ್, ಅಂದ್ರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತೆ, ಅಲ್ಲಿ 10 ಅಂತ ಇದ್ರೆ ಅದು ನಮ್ಮ 16, ನಾನು ಎರಡು ವರ್ಷ ಇದು ಗೊತ್ತಿಲ್ದೆ ಓದ್ತಿದ್ದೆ.

ಕರೆಂಟ್ ಬಗ್ಗೆ ಬರೀದೇ ಇರೋಕಾಗಲ್ಲ. ಸ್ಕ್ಯಾನ್ ಅರ್ಧ ಆಗಿರುವಾಗ ಕರೆಂಟ್ ಹೋಗೋದು, ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವೋ ಆಯ್ತು, ಬರೀ ಕುಯ್ ಅನ್ನೋಕೆ ಮಾತ್ರ ಇರೋದು. ಹಾಗಾದ್ಮೇಲೆ ಆನ್ ಮಾಡಿದಾಗ ನೀಲಿ ಇಲ್ಲಾ ಕಪ್ಪು ಪರದೆಯಲ್ಲಿ ಡಿಸ್ಕ್ ಚೆಕ್ ಮಾಡ್ತೀನಿ ಅಂತ ವಿಂಡೋಸ್ ತಾನೇ ಶುರು ಮಾಡುತ್ತೆ, ಅದು ಮಾಮೂಲಿ, ಹೆದರ್ಬೇಡಿ, ಆದ್ರೆ ದಿನಾ ಬಂದ್ರೆ ಮೇಲೆ ಹೇಳಿದ ನಾಲ್ಕು ಸಾಲು ನೋಡಿ. ಸ್ಕ್ಯಾನ್ ಮುಗಿದ್ಮೇಲೆ ಇಷ್ಟು ಫೈಲ್ ಸ್ಕಿಪ್ ಆಯ್ತು ಅಂತ ಬರೋದೂ ಎರರ್ ಅಲ್ಲ, ಪೇಜ್‌ಫೈಲ್, ಹೈಬರ್‌ಫಿಲ್ ಅಂತ ವಿಂಡೋಸ್ ತಾನೇ ಬೀಗ ಹಾಕ್ಕೊಂಡಿರೋ ಫೈಲ್‌ಗಳು ಅವು. ಎರಡು ಆಂಟಿವೈರಸ್ ಹಾಕ್ಕೊಂಡಿರೋರು ಒಂದನ್ನ ತೆಗೀರಿ, ಒಂದು ತೆರೆದ ಫೈಲನ್ನ ಇನ್ನೊಂದು ಹಿಡ್ಕೊಂಡು ಜಗ್ಗಾಡಿದ್ರೆ ಸಿಸ್ಟಮ್ ನಿಂತ್ಕೊಳ್ಳುತ್ತೆ, ಡಿಸ್ಕ್ ಮೇಲೆ ಅಪವಾದ.

ಹಾಗಂತ ಎಲ್ಲಾ ಡಿಸ್ಕ್‌ದೇ ತಪ್ಪು, ವೈರಸ್ ಅಮಾಯಕ ಅಂತ ನಾನು ಹೇಳ್ತಿಲ್ಲ. ಉಲ್ಟಾ ಕೇಸೂ ಇದೆ. 2010, 2011ರ ಸುಮಾರಿಗೆ ಒಂದು ಜಾತಿ ಕಳ್ಳ ಸಾಫ್ಟ್‌ವೇರ್ ಬಂದಿತ್ತು, ಮೈಕ್ರೋಸಾಫ್ಟ್‌ನೋರು ಅದಕ್ಕೆ ಫೇಕ್‌ಸಿಸ್‌ಡೆಫ್ ಅಂತ ಹೆಸರಿಟ್ಟಿದ್ರು. ಅದರ ಕೆಲಸ ಏನು ಅಂದ್ರೆ ನಿಮ್ಮ ಹಾರ್ಡ್‌ಡಿಸ್ಕ್ ಹಾಳಾಗಿದೆ, ಸೆಕ್ಟರ್ ಓದೋಕಾಗ್ತಿಲ್ಲ ಅಂತ ಸುಳ್ಳು ಎರರ್ ಮೇಲೆ ಎರರ್ ತೋರ್ಸೋದು, ನಂಬಿಕೆ ಬರಲಿ ಅಂತ ಡೆಸ್ಕ್‌ಟಾಪ್ ಫೈಲ್‌ಗಳನ್ನೆಲ್ಲಾ ಹಿಡನ್ ಮಾಡಿ ಮಾಯ ಮಾಡೋದು, ಸ್ಟಾರ್ಟ್ ಮೆನು ಶಾರ್ಟ್‌ಕಟ್ ಎಲ್ಲಾ ಟೆಂಪ್ ಫೋಲ್ಡರ್ ಒಳಗೆ ಎಸ್‌ಎಂಟಿಎಂಪಿ ಅನ್ನೋ ಜಾಗಕ್ಕೆ ಸಾಗಿಸೋದು, ಆಮೇಲೆ ದುಡ್ಡು ಕೊಟ್ರೆ ಸರಿ ಮಾಡ್ತೀನಿ ಅನ್ನೋದು. ಕ್ಲೀನ್ ಮಾಡ್ತೀನಿ ಅಂತ ಟೆಂಪ್ ಫೋಲ್ಡರ್ ಅಳಿಸಿದ ಬುದ್ಧಿವಂತರು ಶಾರ್ಟ್‌ಕಟ್ ಎಲ್ಲಾ ಕೈಯಾರೆ ಕಳ್ಕೊಂಡ್ರು. ಈಗಲೂ ಬ್ರೌಸರ್‌ನಲ್ಲಿ ಡ್ರೈವ್ ಎರರ್ ಇದೆ, ಈ ನಂಬರ್‌ಗೆ ಫೋನ್ ಮಾಡಿ ಅಂತ ಕಿರುಚೋ ಪೇಜ್‌ಗಳು ಅದೇ ವಂಶ. ನಿಜವಾದ ವಿಂಡೋಸ್ ಎರರ್ ಯಾವತ್ತೂ ಫೋನ್ ನಂಬರ್ ಕೊಡಲ್ಲ, ಕಾರ್ಡ್ ನಂಬರ್ ಕೇಳಲ್ಲ. ಅನುಮಾನ ಬಂದ್ರೆ ಇವೆಂಟ್ ವ್ಯೂವರ್‌ನಲ್ಲೂ ಸ್ಮಾರ್ಟ್‌ನಲ್ಲೂ ಏನಿದೆ ನೋಡಿ, ಎರಡೂ ಕಡೆ ಶುದ್ಧ ಇದ್ದು ಪರದೆ ಮೇಲೆ ಮಾತ್ರ ರಂಪ ಆಗ್ತಿದ್ರೆ ಆವಾಗ ವೈರಸ್ ಅನ್ನಿ, ನಾನೇ ಒಪ್ಕೋತೀನಿ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂತ ಒಳಗೇ ಇದೆ, ರೀಸ್ಟಾರ್ಟ್ ಆಗಿ ವಿಂಡೋಸ್ ಏಳೋ ಮುಂಚೆನೇ ಹುಡುಕುತ್ತೆ, ಹೊರಗಿಂದ ಏನೂ ಕೊಳ್ಳೋದು ಬೇಡ. ಅಂದಹಾಗೆ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅದನ್ನೂ ನಿಮ್ಮ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕ್ಬಹುದಿತ್ತು.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಆ ಟೆಕ್ನಾಲಜಿ ಪುಟದಲ್ಲಿ ಹೊಸ ಮೊಬೈಲ್ ಬಗ್ಗೆ ವಾರ ವಾರ ಬರೀತೀರಿ, ಒಂದು ವಾರ ಅದನ್ನ ಬಿಟ್ಟು ಈ ಎರರ್ ಮೆಸೇಜ್‌ಗಳನ್ನ ಕನ್ನಡದಲ್ಲಿ ಹಾಕಿ, ಪರದೆ ಮೇಲೆ ಕಾಣೋ ಹಾಗೇ ಅದರ ಚಿತ್ರ, ಪಕ್ಕದಲ್ಲಿ ಅದರ ಅರ್ಥ, ಕಾಪಿ ಮೊದ್ಲಾ ರಿಪೇರಿ ಮೊದ್ಲಾ ಅಂತ. ಇಂಗ್ಲಿಷ್ ಓದೋಕೆ ಬರೋರೂ ಆ ಡಬ್ಬಿ ಬಂದಾಗ ಓದಲ್ಲ, ಓಕೆ ಒತ್ತಿಬಿಡ್ತಾರೆ, ಅಂಗಡಿಗೆ ಬಂದು "ಏನೋ ಬಂತು, ಹೋಯ್ತು" ಅಂತಾರೆ, ನಾವೇನು ಕಣಿ ಹೇಳೋಣ್ವಾ. ಕತ್ತರಿಸಿ ಇಟ್ಕೊಳ್ಳೋ ಹಾಗೆ ಹಾಕಿದ್ರೆ ನಾನೇ ನೂರು ಜೆರಾಕ್ಸ್ ತೆಗೆದು ಮಂಡಿಗಳಿಗೆಲ್ಲಾ ಹಂಚ್ತೀನಿ.

ಮೇಷ್ಟ್ರು ಉಳಿದ ಒಂಬತ್ತು ಅಧ್ಯಾಯ ಮತ್ತೆ ಬರೀತಿದಾರೆ, ಎಂಟನೇದು ನಡೀತಿದೆ. ಅದೇ ಹಳೇ ಅಸೆಂಬಲ್ಡ್ ಸಿಸ್ಟಮ್‌ಗೆ ಹೊಸ ಡಿಸ್ಕ್ ಹಾಕ್ಕೊಟ್ಟಿದೀನಿ, ದುಡ್ಡು ತಗೊಳ್ಳಲಿಲ್ಲ. ಹೋದ ತಿಂಗಳು ಒಂದು ಸಂಜೆ ಫೋನ್ ಮಾಡಿದ್ರು, ಸ್ಕ್ಯಾನ್ ಮಾಡ್ತಿದ್ದೆ ಕಣಯ್ಯಾ, ಎರರ್ ಬಂದಿದೆ, ಏನೂ ಒತ್ತಿಲ್ಲ, ಪೆನ್ನು ಹಾಳೆ ತಗೋ ಅಂದ್ರು, ಆಮೇಲೆ ಕ್ಲಾಸಲ್ಲಿ ಉಕ್ತಲೇಖನ ಬರೆಸೋ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಓದಿದ್ರು, ಸಿ, ಐದು ಸೊನ್ನೆ, ಒಂದು, ಮೂರು. ನಾನು ಬಾಯಿ ತೆಗೆಯೋ ಮುಂಚೆ ಅವರೇ "ಮುಂದುಗಡೆ ಆ ನಾಲ್ಕು ತೂತಿದ್ಯಲ್ಲ, ಅದೇ ತಾನೇ?" ಅಂದ್ರು.

ಇತಿ ನಿಮ್ಮ ಓದುಗ,
ಒಬ್ಬ ಡಿಟಿಪಿ ಅಂಗಡಿಯವನು, ತಿಪಟೂರು